ಡೇವಿಡ್ ಲೀನ್ ಅವರ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ (1946): ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಸಿನಿಮಾ, ಯಾರು ಮಾಡಿದ್ದು?

ಚಾರ್ಲ್ಸ್ ಡಿಕನ್ಸ್ ಬರೆದ ಕಾದಂಬರಿ ಇಟ್ಕೊಂಡು ಡೇವಿಡ್ ಲೀನ್ ಡೈರೆಕ್ಟ್ ಮಾಡಿದ ಬ್ಲ್ಯಾಕ್ ಅಂಡ್ ವೈಟ್ ಸಿನಿಮಾ, 1946ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಲ್ಲಿ ರಿಲೀಸ್ ಆಯ್ತು, ಹೆಚ್ಚೂಕಮ್ಮಿ ಎರಡು ಗಂಟೆ. ಪ್ರೊಡ್ಯೂಸರ್ ರೊನಾಲ್ಡ್ ನೀಮ್, ಕಂಪನಿ ಸಿನೆಗಿಲ್ಡ್. ಈ ಕಾದಂಬರಿ ಮೇಲೆ ಇದಕ್ಕೂ ಮುಂಚೆ ಸಿನಿಮಾ ಬಂದಿದೆ, ಆಮೇಲಂತೂ ಸುಮಾರು ಬಂದಿವೆ, ಆದ್ರೆ ಡಿಕನ್ಸ್ ಸಿನಿಮಾ ಅಂತ ಮಾತು ಬಂದಾಗ ಜನ ಮೊದಲು ಹೇಳೋದು ಇದನ್ನೇ. 1999ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನವರು ಬ್ರಿಟನ್ನಿನ ನೂರು ಒಳ್ಳೆ ಸಿನಿಮಾ ಅಂತ ಲಿಸ್ಟ್ ಮಾಡಿದಾಗ ಇದು 5ನೇ ಸ್ಥಾನದಲ್ಲಿತ್ತು.

ಕಥೆ ಏನು? ಸ್ಪಾಯ್ಲರ್ ಇಲ್ದೆ ಹೇಳಿ.

ಪಿಪ್ ಅಂತ ಒಬ್ಬ ಅನಾಥ ಹುಡುಗ, ಅಕ್ಕನ ಮನೇಲಿ ಬೆಳೀತಿರ್ತಾನೆ, ಭಾವ ಜೋ ಕಮ್ಮಾರ. ಒಂದಿನ ಸ್ಮಶಾನದಲ್ಲಿ ಜೈಲು ಹಡಗಿಂದ ತಪ್ಪಿಸಿಕೊಂಡು ಬಂದ ಖೈದಿ ಕೈಗೆ ಸಿಕ್ಕಿ, ಹೆದರಿ ಅವನಿಗೆ ಊಟ ಮತ್ತೆ ಕಬ್ಬಿಣ ಉಜ್ಜೋ ಅರ ಕದ್ದು ತಂದುಕೊಡ್ತಾನೆ. ಆಮೇಲೆ ಮಿಸ್ ಹ್ಯಾವಿಷಮ್ ಅನ್ನೋ ಶ್ರೀಮಂತ ಹೆಂಗಸಿನ ಪಾಳುಬಿದ್ದ ಬಂಗಲೆಗೆ ಆಟ ಆಡೋಕೆ ಅಂತ ಕರೆಸ್ತಾರೆ, ಅಲ್ಲಿ ಎಸ್ಟೆಲ್ಲಾ ಅನ್ನೋ ಹುಡುಗಿ ಇವನ ಒರಟು ಕೈ, ದಪ್ಪ ಬೂಟು ನೋಡಿ ಆಡಿಕೊಳ್ತಾಳೆ, ಅವತ್ತಿಂದ ಇವನಿಗೆ ತನ್ನ ಮನೆ ಬಗ್ಗೆನೇ ನಾಚಿಕೆ ಶುರುವಾಗುತ್ತೆ. ದೊಡ್ಡವನಾದ್ಮೇಲೆ ಯಾರೋ ಹೆಸರು ಹೇಳದವರು ದುಡ್ಡು ಕೊಟ್ಟು ಲಂಡನ್‌ಗೆ ಕಳಿಸಿ ಜಂಟಲ್‌ಮನ್ ಮಾಡಿಸ್ತಾರೆ. ಯಾರು ಅಂತ ಇಲ್ಲಿಗೆ ಬಿಡ್ತೀನಿ. ಕೆಳಗಿನ ಉತ್ತರಗಳಲ್ಲಿ ಸ್ಪಾಯ್ಲರ್ ಇದಾವೆ, ಸಿನಿಮಾ ನೋಡಿಲ್ಲ ಅಂದ್ರೆ ನೋಡ್ಕೊಂಡು ಬಂದು ಓದಿ.

ಕಾದಂಬರಿ ಓದದೇ ನೋಡಬಹುದಾ?

ಧಾರಾಳವಾಗಿ. ಕಾದಂಬರಿ ಡಿಕನ್ಸ್ ಅವರದೇ ವಾರಪತ್ರಿಕೆಯಲ್ಲಿ 1860ರ ಡಿಸೆಂಬರ್‌ನಿಂದ 1861ರ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂದಿದ್ದು, ಒಟ್ಟು 59 ಅಧ್ಯಾಯ. ನಮ್ಮ ಕಡೆ ವಾರಪತ್ರಿಕೆ ಧಾರಾವಾಹಿಗೆ ಕಾಯ್ತಿದ್ದ ಹಾಗೇ ಅಲ್ಲೂ ಕಾಯ್ತಿದ್ರು, ಹಾಗಾಗಿ ಪ್ರತಿ ಕಂತಿನ ಕೊನೇಲಿ ಮುಂದೇನು ಅನ್ನೋ ಕುತೂಹಲ ಇಟ್ಟೇ ಬರೆದಿರೋದು, ಲೀನ್ ಆ ಓಟವನ್ನ ಚೆನ್ನಾಗಿ ಉಳಿಸಿಕೊಂಡಿದಾರೆ. ಓದದೇ ನೋಡಿದ್ರೆ ನಿಮಗೆ ಗುಟ್ಟು ರಟ್ಟಾಗೋ ಜಾಗದಲ್ಲಿ ನಿಜವಾಗ್ಲೂ ಮೈ ಜುಮ್ ಅನ್ನುತ್ತೆ, ಓದಿ ನೋಡಿದವರಿಗೆ ಅದು ಸಿಗಲ್ಲ. ಡಿಗ್ರಿಯಲ್ಲಿ ಪಠ್ಯ ಅಂತ ಓದಿ ಬೇಜಾರು ಮಾಡ್ಕೊಂಡವರಿದ್ರೆ ಅವರೇ ಮೊದಲು ಈ ಸಿನಿಮಾ ನೋಡಬೇಕು.

ಮೊದಲನೇ ಸೀನ್ ಬಗ್ಗೆ ಎಲ್ರೂ ಯಾಕೆ ಅಷ್ಟೊಂದು ಹೇಳ್ತಾರೆ?

ಯಾಕಂದ್ರೆ ಅದು ಅಷ್ಟು ಚೆನ್ನಾಗಿದೆ. ಪುಸ್ತಕದ ಪುಟ ಗಾಳಿಗೆ ಹಾರುತ್ತೆ, ದೊಡ್ಡ ಪಿಪ್ ಪಾತ್ರ ಮಾಡಿರೋ ಜಾನ್ ಮಿಲ್ಸ್ ದನಿಯಲ್ಲಿ ಒಂದೆರಡು ಸಾಲು ಕೇಳುತ್ತೆ, ಆಮೇಲೆ ಅಗಲವಾದ ಜೌಗು ಬಯಲು, ದೊಡ್ಡ ಆಕಾಶ, ನೀರಿನ ದಡದಲ್ಲಿ ಒಬ್ಬ ಸಣ್ಣ ಹುಡುಗ ಓಡ್ತಾ ಬರ್ತಾನೆ, ದಾರೀಲಿ ಗಲ್ಲುಗಂಬ ನಿಂತಿದೆ. ಸ್ಮಶಾನಕ್ಕೆ ಬಂದು ಅಪ್ಪ ಅಮ್ಮನ ಸಮಾಧಿ ಹತ್ರ ಕೂರ್ತಾನೆ, ಗಾಳಿ ಶಬ್ದ, ಒಣಮರದ ಕೊಂಬೆ ಕಿರ್ ಕಿರ್ ಅನ್ನೋದು, ಮರದ ಬುಡ ನೋಡಿದ್ರೆ ಯಾರದೋ ಮುಖದ ತರ ಕಾಣುತ್ತೆ, ಹುಡುಗ ಹೆದರಿ ಎದ್ದು ಓಡ್ತಾನೆ, ಕ್ಯಾಮೆರಾ ಅವನ ಜೊತೆಗೇ ತಿರುಗುತ್ತೆ, ತಿರುಗ್ತಾ ತಿರುಗ್ತಾ ಆ ದೈತ್ಯ ಖೈದಿ ಎದುರಿಗೇ ನಿಂತಿರ್ತಾನೆ.

ಇಲ್ಲಿ ಕೆಲಸ ಮಾಡೋದು ಟೈಮಿಂಗ್. ಸಾಮಾನ್ಯವಾಗಿ ಹೆದರಿಸೋ ಸೀನ್‌ಗೆ ಮ್ಯೂಸಿಕ್ ಏರಿಸ್ತಾ ಹೋಗಿ ಈಗ ಏನೋ ಆಗುತ್ತೆ ಅಂತ ಮುಂಚೆನೇ ಹೇಳಿಬಿಡ್ತಾರೆ, ಲೀನ್ ಹಾಗೆ ಮಾಡ್ಲಿಲ್ಲ, ಗಾಳಿ ಮತ್ತೆ ಮರದ ಸದ್ದಲ್ಲೇ ಭಯ ಕಟ್ಟಿ, ನಮ್ಮ ಗಮನ ಮರದ ಕಡೆ ಇರೋವಾಗ ಮನುಷ್ಯನನ್ನ ಮುಂದೆ ತಂದು ನಿಲ್ಲಿಸಿದ್ರು. ಲೀನ್ ಡೈರೆಕ್ಟರ್ ಆಗೋ ಮುಂಚೆ ಸುಮಾರು ವರ್ಷ ಎಡಿಟರ್ ಆಗಿದ್ದವರು, ಎಲ್ಲಿ ಕತ್ತರಿಸಬೇಕು ಅನ್ನೋದು ಅವರ ಕೈಗೆ ಗೊತ್ತಿತ್ತು. ಈ ಸಿನಿಮಾದ ಎಡಿಟರ್ ಜ್ಯಾಕ್ ಹ್ಯಾರಿಸ್, ಅವರಿಗೂ ಇದರಲ್ಲಿ ಅಷ್ಟೇ ಪಾಲು ಸಲ್ಲಬೇಕು.

ಇನ್ನೊಂದು ಮಾತು, ಈ ಸೀನ್ ಬರೀ ಹೆದರಿಸೋಕೆ ಇರೋದಲ್ಲ. ಇಡೀ ಸಿನಿಮಾ ಆ ಹುಡುಗನ ಕಣ್ಣಿನ ಎತ್ತರದಿಂದ ನೋಡೋದನ್ನ ನಮಗೆ ಇಲ್ಲೇ ಕಲಿಸ್ತಾರೆ. ದೊಡ್ಡವರೆಲ್ಲ ಮೇಲಿಂದ ಬಗ್ಗಿ ಮಾತಾಡ್ತಾರೆ, ಬಾಗಿಲು ಕಿಟಕಿ ಎಲ್ಲ ಇರಬೇಕಾದ್ದಕ್ಕಿಂತ ದೊಡ್ಡದಾಗಿ ಕಾಣ್ತಾವೆ, ಕದ್ದ ತಿಂಡಿ ತಗೊಂಡು ಮಂಜಲ್ಲಿ ಓಡೋವಾಗ ದನಗಳೇ ಅವನನ್ನ ಕಳ್ಳ ಅಂತ ಕೂಗ್ತಾವೆ. ನನ್ನ ಪ್ರಕಾರ ಈ ಸಿನಿಮಾ ಇವತ್ತಿಗೂ ಹಳೇದಾಗದೇ ಇರೋಕೆ ಕಾರಣ ಇದೇ, ಮಗುವಿನ ಭಯ ಮತ್ತೆ ಮಗುವಿನ ನಾಚಿಕೆ, ಎರಡನ್ನೂ ಎಲ್ಲೂ ಹಗುರವಾಗಿ ತಗೊಂಡಿಲ್ಲ.

ಎಲ್ಲಿ ಶೂಟ್ ಮಾಡಿದ್ದು?

ಹೊರಾಂಗಣ ಕೆಂಟ್ ಕಡೆಯ ಜೌಗು ಪ್ರದೇಶ, ಥೇಮ್ಸ್ ಮತ್ತೆ ಮೆಡ್‌ವೇ ನದಿ ಸಮುದ್ರ ಸೇರೋ ಭಾಗ. ಡಿಕನ್ಸ್ ಬಾಲ್ಯ ಕಳೆದ ಚಾಥಮ್ ಅಲ್ಲೇ ಪಕ್ಕ, ಕೊನೆಗಾಲದಲ್ಲಿ ಇದ್ದ ಮನೆ ಕೂಡ ಅದೇ ಸೀಮೆ, ಕಾದಂಬರಿ ನಡೆಯೋದೂ ಅಲ್ಲೇ. ಕೂಲಿಂಗ್ ಅನ್ನೋ ಊರಿನ ಚರ್ಚ್ ಅಂಗಳದಲ್ಲಿ ಪುಟ್ಟ ಮಕ್ಕಳ 13 ಸಮಾಧಿಗಳಿವೆ, ಪಿಪ್‌ನ ತೀರಿಹೋದ ತಮ್ಮಂದಿರು ಅಣ್ಣಂದಿರ ಸಮಾಧಿ ಕಲ್ಪನೆ ಡಿಕನ್ಸ್‌ಗೆ ಬಂದಿದ್ದು ಅಲ್ಲಿಂದ ಅಂತಾರೆ, ಕಾದಂಬರಿಯಲ್ಲಿ ಅದನ್ನ ಐದಕ್ಕೆ ಇಳಿಸಿದಾರೆ.

ಒಳಾಂಗಣ ಎಲ್ಲ ಡೆನಮ್ ಸ್ಟುಡಿಯೋ. ಸ್ಮಶಾನ, ಅದರ ಹಿಂದೆ ಕಾಣೋ ಚರ್ಚು ಕೂಡ ಸೆಟ್, ಆರ್ಟ್ ಡಿಪಾರ್ಟ್‌ಮೆಂಟಿನ ಜಾನ್ ಬ್ರಯಾನ್ ಚರ್ಚನ್ನ ಚಿಕ್ಕದಾಗಿ ಕಟ್ಟಿ ದೂರದಲ್ಲಿ ದೊಡ್ಡದಿದೆ ಅನ್ನೋ ಹಾಗೆ ಕಾಣಿಸಿದ್ರು. ಗೊತ್ತಿದ್ದು ನೋಡಿದ್ರೂ ಕಣ್ಣು ನಂಬುತ್ತೆ.

ಯಾಕೆ ಕಲರ್ ಅಲ್ಲ? ಆಗ ಕಲರ್ ಇರ್ಲಿಲ್ವಾ?

ಇತ್ತು. ಇದಕ್ಕಿಂತ ಮುಂಚೆನೇ ಲೀನ್ ಎರಡು ಟೆಕ್ನಿಕಲರ್ ಸಿನಿಮಾ ಮಾಡಿದ್ರು, ಅಂದ್ರೆ ಗೊತ್ತಿಲ್ದೆ ಅಥವಾ ಬರದೇ ಬಿಟ್ಟಿದ್ದಲ್ಲ. ಈ ಕಥೆಗೆ ಕತ್ತಲೆ ಬೇಕು, ಮೇಣದಬತ್ತಿ ಬೆಳಕು ಬೇಕು, ಮಂಜು ಬೇಕು. ಕ್ಯಾಮೆರಾಮನ್ ಗೈ ಗ್ರೀನ್ ಇಲ್ಲಿ ಕಪ್ಪು ಬಣ್ಣವನ್ನ ಹೇಗೆ ಬಳಸಿದಾರೆ ನೋಡಿ, ಎಸ್ಟೆಲ್ಲಾ ಕೈಲಿ ಮೇಣದಬತ್ತಿ ಹಿಡ್ಕೊಂಡು ಕತ್ತಲ ಪ್ಯಾಸೇಜಲ್ಲಿ ಮುಂದೆ ಹೋಗ್ತಾಳೆ, ಹಿಂದೆ ಪಿಪ್, ಬೆಳಕು ಇರೋದು ಅವಳ ಹತ್ರ ಮಾತ್ರ. ಅವರಿಬ್ಬರ ಸಂಬಂಧ ಪೂರ್ತಿ ಅದೊಂದು ಶಾಟಲ್ಲೇ ಇದೆ.

ಮಿಸ್ ಹ್ಯಾವಿಷಮ್ ಪಾತ್ರ ಮಾಡಿದವರು ಯಾರು? ಅಷ್ಟು ಭಯ ಯಾಕೆ ಆಗುತ್ತೆ?

ಮಾರ್ಟಿಟಾ ಹಂಟ್. ಶೂಟಿಂಗ್ ಟೈಮಲ್ಲಿ ಅವರಿಗೆ ನಲವತ್ತೈದು ನಲವತ್ತಾರು ವಯಸ್ಸು ಅಷ್ಟೇ, ನೋಡಿದ್ರೆ ನೂರು ವರ್ಷದ ಮುದುಕಿ ಅನ್ಸುತ್ತೆ. ಮದುವೆ ದಿನ ಗಂಡು ಕೈ ಕೊಟ್ಟ, ಆ ಕಾಗದ ಬಂದ ಗಳಿಗೆಗೆ, ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರೋವಾಗ, ಮನೇಲಿರೋ ಗಡಿಯಾರ ಎಲ್ಲ ನಿಲ್ಲಿಸಿ, ಅದೇ ಮದುವೆ ಗೌನ್ ತೊಟ್ಕೊಂಡು, ಕಿಟಕಿ ಮುಚ್ಚಿ, ಮದುವೆ ಕೇಕು ಟೇಬಲ್ ಮೇಲೆ ಜೇಡರ ಬಲೆ ಹಿಡಿದು ಕೊಳೀತಾ ಇದ್ರೂ ತೆಗೆಸದೇ ವರ್ಷಗಟ್ಟಲೆ ಕೂತಿರೋ ಹೆಂಗಸು ಅವಳು.

ಭಯ ಆಗೋದು ಅವಳ ವೇಷ ನೋಡಿ ಅಂತ ನನಗನ್ಸಲ್ಲ. ಹಂಟ್ ಆ ಪಾತ್ರವನ್ನ ಹುಚ್ಚಿ ತರ ಆಡಿಲ್ಲ, ಮಾತಲ್ಲಿ ಗತ್ತಿದೆ, ಒಂಚೂರು ತಮಾಷೆ ಕೂಡ ಇದೆ, ತಾನು ಮಾಡ್ತಿರೋದು ಏನು ಅಂತ ಪೂರ್ತಿ ಗೊತ್ತು ಅವಳಿಗೆ. ಒಂದು ಹೆಣ್ಣುಮಗುವನ್ನ ಸಾಕ್ಕೊಂಡು, ಗಂಡಸರ ಎದೆ ಒಡೆಯೋಕೆ ಅಂತಲೇ ಬೆಳೆಸ್ತಿದಾಳೆ, ಎದುರಿಗಿರೋ ಈ ಕಮ್ಮಾರರ ಮನೆ ಹುಡುಗ ಅದಕ್ಕೆ ಪ್ರಾಕ್ಟೀಸ್ ಅಷ್ಟೇ. ತನಗಾದ ನೋವನ್ನ ಹೀಗೆ ಮುಂದಿನವರಿಗೆ ದಾಟಿಸೋರು ನಮ್ಮ ಸುತ್ತಮುತ್ತಲೂ ಇರ್ತಾರೆ, ಅದಕ್ಕೇ ಆ ಕೋಣೆ ನಮಗೆ ಪೂರ್ತಿ ಅಪರಿಚಿತ ಅನ್ಸಲ್ಲ.

ಅವಳ ಅಂತ್ಯದ ಸೀನ್ ಗಮನಿಸಿ. ಪಿಪ್ ಹೊರಗೆ ಹೋಗ್ತಾ ಬಾಗಿಲು ಹಾಕ್ತಾನೆ, ಒಲೆಯ ಕೆಂಡ ಜಾರಿ ಬಟ್ಟೆಗೆ ಬೆಂಕಿ ಹತ್ತುತ್ತೆ, ಕಿರುಚಾಟ ಕೇಳಿ ಓಡಿ ಬಂದು, ಉರಿ ಆರಿಸೋಕೆ ಬೇರೇನೂ ಸಿಗದೇ ಆ ಮದುವೆ ಊಟದ ಟೇಬಲ್ ಬಟ್ಟೆಯನ್ನೇ ಎಳೀತಾನೆ, ವರ್ಷಗಳಿಂದ ಯಾರೂ ಮುಟ್ಟದ ಕೇಕು, ತಟ್ಟೆ, ಧೂಳು ಎಲ್ಲ ದಡದಡ ಅಂತ ಕೆಳಗೆ ಬೀಳುತ್ತೆ. ಟೇಬಲ್ ಬಟ್ಟೆ ಕಾದಂಬರಿಯಲ್ಲೂ ಇದೆ, ಆದ್ರೆ ತೆರೆ ಮೇಲೆ ನೋಡಿದಾಗ ಅದರ ಅರ್ಥ ಥಟ್ ಅಂತ ತಾಗುತ್ತೆ.

ಪಿಪ್ ಪಾತ್ರಕ್ಕೆ ಜಾನ್ ಮಿಲ್ಸ್ ವಯಸ್ಸು ಜಾಸ್ತಿ ಆಗ್ಲಿಲ್ವಾ?

ಆಯ್ತು. ಮಿಲ್ಸ್ ಹುಟ್ಟಿದ್ದು 1908ರಲ್ಲಿ, ಇಪ್ಪತ್ತು ಇಪ್ಪತ್ತೊಂದರ ಹುಡುಗನ ಪಾತ್ರ ಮಾಡೋವಾಗ ಅವರಿಗೆ ಮೂವತ್ತೇಳು ಮೂವತ್ತೆಂಟು. ಚಿಕ್ಕ ಪಿಪ್ ಆಗಿ ಆಂಟನಿ ವೇಜರ್ ಅಷ್ಟು ಚೆನ್ನಾಗಿ ಮಾಡಿರೋದ್ರಿಂದ ಮಿಲ್ಸ್ ಬಂದ ತಕ್ಷಣ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು. ಆದ್ರೂ ಮಿಲ್ಸ್ ಪರವಾಗಿ ಒಂದು ಮಾತು ಹೇಳ್ಬೇಕು, ಪಿಪ್ ಕಥೆ ಹೇಳೋನು, ಸುತ್ತ ಇರೋ ಪಾತ್ರಗಳೆಲ್ಲ ವಿಚಿತ್ರ, ಜೋರು, ಮಧ್ಯದಲ್ಲಿ ಒಬ್ಬ ಸುಮ್ನೆ ಕೇಳಿಸಿಕೊಳ್ಳೋನು ಬೇಕು, ಆ ಕೆಲಸವನ್ನ ಅವರು ತಮ್ಮನ್ನ ತಾವು ಮುಂದೆ ಮಾಡ್ಕೊಳ್ದೆ ಮಾಡಿದಾರೆ.

ಎಸ್ಟೆಲ್ಲಾ ಇಬ್ಬರಲ್ಲಿ ಯಾರು ಚೆನ್ನಾಗಿ ಮಾಡಿದಾರೆ?

ಚಿಕ್ಕ ಎಸ್ಟೆಲ್ಲಾ ಜೀನ್ ಸಿಮನ್ಸ್, ಆಗಿನ್ನೂ ಹದಿನಾರು ಹದಿನೇಳರ ಹುಡುಗಿ. ದೊಡ್ಡ ಎಸ್ಟೆಲ್ಲಾ ವ್ಯಾಲೆರಿ ಹಾಬ್ಸನ್. ನನ್ನ ಓಟು ಸಿಮನ್ಸ್‌ಗೆ, ಎರಡನೇ ಮಾತೇ ಇಲ್ಲ. ಮೂಗು ಮೇಲೆ ಮಾಡ್ಕೊಂಡು ನಡೆಯೋದು, ಪಿಪ್ ಕಣ್ಣಲ್ಲಿ ನೀರು ಬಂದಿದ್ಯಾ ಅಂತ ಪರೀಕ್ಷೆ ಮಾಡೋ ತರ ನೋಡೋದು, ಅಷ್ಟರಲ್ಲೇ ಆ ಹುಡುಗ ಜೀವಮಾನ ಪೂರ್ತಿ ಯಾಕೆ ಮರೀಲಿಲ್ಲ ಅಂತ ಗೊತ್ತಾಗಿಬಿಡುತ್ತೆ. ಹಾಬ್ಸನ್ ತಣ್ಣಗಿದಾರೆ, ಪಾತ್ರವೂ ಹಾಗೇ ಇದೆ ನಿಜ, ಆದ್ರೂ ಆ ಕಿಡಿ ಸಿಗಲ್ಲ. ಇದೇ ಸಿಮನ್ಸ್ 1989ರ ಟಿವಿ ಸೀರಿಯಲ್‌ನಲ್ಲಿ ಮಿಸ್ ಹ್ಯಾವಿಷಮ್ ಪಾತ್ರ ಮಾಡಿದ್ರು, ಎರಡನ್ನೂ ನೋಡಿದವರಿಗೆ ಅದೊಂದು ದೊಡ್ಡ ಖುಷಿ.

ಪಿಪ್‌ನ ಲಂಡನ್ ಸ್ನೇಹಿತ ಹರ್ಬರ್ಟ್ ಪಾತ್ರದಲ್ಲಿರೋದು ಆ ಅಲೆಕ್ ಗಿನ್ನೆಸ್ಸಾ?

ಹೌದು ಅವರೇ, ಅವರಿಗೆ ಸಿಕ್ಕ ಮೊದಲ ಮುಖ್ಯ ಸಿನಿಮಾ ಪಾತ್ರ ಇದು. ಇದರ ಹಿಂದೆ ಒಂದು ಒಳ್ಳೆ ಕಥೆ ಇದೆ. 1939ರಲ್ಲಿ ಲಂಡನ್‌ನಲ್ಲಿ ಈ ಕಾದಂಬರಿಯನ್ನ ನಾಟಕ ಮಾಡಿದ್ರು, ರಂಗರೂಪ ಬರೆದಿದ್ದು ಗಿನ್ನೆಸ್ಸೇ, ಹರ್ಬರ್ಟ್ ಮಾಡಿದ್ದೂ ಅವರೇ, ಮಿಸ್ ಹ್ಯಾವಿಷಮ್ ಇದೇ ಮಾರ್ಟಿಟಾ ಹಂಟ್. ಲೀನ್ ಆ ನಾಟಕ ನೋಡಿದ್ರು. ಆಮೇಲೆ ಯುದ್ಧ ಬಂತು, ಗಿನ್ನೆಸ್ ನೌಕಾಪಡೆಗೆ ಹೋದ್ರು, ಯುದ್ಧ ಮುಗಿದ್ಮೇಲೆ ಸಿನಿಮಾ ಶುರುವಾದಾಗ ಲೀನ್ ಅವರಿಬ್ಬರನ್ನೂ ಅದೇ ಪಾತ್ರಕ್ಕೆ ಕರೆದ್ರು. ಪಿಪ್‌ಗೆ ಊಟದ ಟೇಬಲ್ ಮೇಲೆ ಚಾಕು ಫೋರ್ಕ್ ಹೆಂಗೆ ಹಿಡೀಬೇಕು ಅಂತ ಮನಸ್ಸಿಗೆ ನೋವಾಗದ ಹಾಗೆ, ಮಾತಿನ ಮಧ್ಯೆ ಮಧ್ಯೆ ಹೇಳಿಕೊಡೋ ಸೀನ್ ಇದೆಯಲ್ಲ, ಸ್ನೇಹ ಅಂದ್ರೆ ಏನು ಅಂತ ತೋರಿಸೋಕೆ ಅದು ಸಾಕು.

ಕಾದಂಬರಿಯಿಂದ ಏನೇನು ಕಟ್ ಮಾಡಿದಾರೆ?

ಬಹಳ. ಅತಿ ದೊಡ್ಡದು ಓರ್ಲಿಕ್. ಜೋ ಕುಲುಮೆಯಲ್ಲಿ ಕೆಲಸ ಮಾಡೋ ಈ ದ್ವೇಷದ ಮನುಷ್ಯ ಕಾದಂಬರಿಯಲ್ಲಿ ಪಿಪ್‌ನ ಅಕ್ಕನ ತಲೆಗೆ ಹೊಡೆದು ಅವಳು ಮಾತು ಬಿದ್ದು ಹಾಸಿಗೆ ಹಿಡಿಯೋ ಹಾಗೆ ಮಾಡ್ತಾನೆ, ಕೊನೇಲಿ ಪಿಪ್‌ನನ್ನೂ ಕೊಲ್ಲೋಕೆ ನೋಡ್ತಾನೆ. ಸಿನಿಮಾದಲ್ಲಿ ಅವನೇ ಇಲ್ಲ, ಅಕ್ಕ ಕಾಯಿಲೆ ಬಂದು ತೀರಿಹೋದ್ಲು ಅಂತ ಒಂದು ಮಾತಲ್ಲಿ ಮುಗಿಸಿದಾರೆ. ಊರಿನ ಚರ್ಚ್ ಗುಮಾಸ್ತ ವಾಪ್ಸಲ್‌ನ ನಾಟಕದ ಹುಚ್ಚಿನ ಪ್ರಸಂಗಗಳೂ ಹೋಗಿವೆ.

59 ಅಧ್ಯಾಯವನ್ನ ಎರಡು ಗಂಟೆಗೆ ಇಳಿಸೋವಾಗ ಇದೆಲ್ಲ ಆಗಲೇಬೇಕು. ಲೀನ್ ಮತ್ತೆ ಅವರ ಟೀಮ್ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಇಡೋ ಬದಲು ಕೆಲವು ಸೀನ್ ಪೂರ್ತಿ ಇಟ್ಟು ಉಳಿದದ್ದನ್ನ ಪೂರ್ತಿ ಬಿಟ್ಟಿದಾರೆ, ಅದು ಸರಿಯಾದ ದಾರಿ ಅಂತ ನನ್ನ ನಂಬಿಕೆ. ಆದ್ರೆ ಓರ್ಲಿಕ್ ಹೋಗಿದ್ದು ನಷ್ಟವೇ, ಯಾಕಂದ್ರೆ ಪಿಪ್ ಒಳಗಿರೋ ಕೆಟ್ಟ ಆಸೆಗಳೆಲ್ಲ ಬೇರೆ ಮನುಷ್ಯನ ರೂಪದಲ್ಲಿ ಓಡಾಡಿದ ಹಾಗೆ ಅವನು, ಅವನಿಲ್ದೆ ಪಿಪ್ ಸ್ವಲ್ಪ ಜಾಸ್ತಿ ಒಳ್ಳೆಯವನಾಗಿ ಕಾಣ್ತಾನೆ.

ಜೋ ಲಂಡನ್‌ಗೆ ಬರೋ ಸೀನ್ ನೋಡಿ ಯಾಕೆ ಅಳು ಬರುತ್ತೆ?

ಈ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಹಳ್ಳಿಯಿಂದ ಭಾವ ಬರ್ತಾನೆ, ಒಳ್ಳೆ ಬಟ್ಟೆ ಹಾಕ್ಕೊಂಡಿದಾನೆ, ಅದು ಅವನ ಮೈಗೆ ಒಪ್ಪಲ್ಲ, ಕೈಲಿರೋ ಟೋಪಿ ಎಲ್ಲಿಡಬೇಕು ಗೊತ್ತಾಗ್ತಿಲ್ಲ, ಇಟ್ಟ ಕಡೆಯಿಂದ ಬೀಳ್ತಾ ಇರುತ್ತೆ. ತಾನು ಎತ್ತಿ ಆಡಿಸಿದ ಹುಡುಗನನ್ನೇ ‘ಸರ್’ ಅಂತಾನೆ. ಪಿಪ್ ಮುಖದಲ್ಲಿ ಇವನು ಯಾವಾಗ ಹೋಗ್ತಾನೋ ಅನ್ನೋ ಚಡಪಡಿಕೆ. ಜೋಗೆ ಅದು ಗೊತ್ತಾಗುತ್ತೆ, ಗೊತ್ತಾದ್ರೂ ಬೇಜಾರು ಮಾಡ್ಕೊಳ್ಳಲ್ಲ, ತಪ್ಪು ತನ್ನದೇ, ತಾನು ಈ ಬಟ್ಟೇಲಿ ಈ ಜಾಗಕ್ಕೆ ಬರಬಾರದಿತ್ತು, ಕುಲುಮೆ ಹತ್ರ ನೋಡಿದ್ರೆ ನಾನು ಸರಿ ಕಾಣ್ತೀನಿ ಅನ್ನೋ ಅರ್ಥದಲ್ಲಿ ಹೇಳಿ ಹೊರಟುಬಿಡ್ತಾನೆ. ಜಂಟಲ್‌ಮನ್ ಆಗೋಕೆ ಹೋಗಿ ಜಂಬದವನಾದೆ ಅಂತ ಪಿಪ್ ಆಮೇಲೆ ತಾನೇ ಒಪ್ಕೊಳ್ತಾನೆ.

ಜೋ ಪಾತ್ರ ಬರ್ನಾರ್ಡ್ ಮೈಲ್ಸ್. ಎಲ್ಲೂ ಕಣ್ಣೀರು ಹಾಕಿಸೋಕೆ ಪ್ರಯತ್ನ ಮಾಡಿಲ್ಲ ಅವರು, ಮಾತು ತಡವರಿಸೋದು, ನಗೋಕೆ ನೋಡೋದು ಅಷ್ಟೇ. ಶುರುವಲ್ಲಿ ಸಿಕ್ಕಿಬಿದ್ದ ಖೈದಿ, ಹುಡುಗನಿಗೆ ತೊಂದರೆ ಆಗಬಾರದು ಅಂತ ತಿಂಡಿ ಕದ್ದಿದ್ದು ತಾನೇ ಅಂದಾಗ, ಇದೇ ಜೋ, ನೀನು ಏನು ಮಾಡಿದ್ಯೋ ನಮಗೆ ಗೊತ್ತಿಲ್ಲ, ಅದಕ್ಕಾಗಿ ನೀನು ಹಸಿದು ಸಾಯ್ಲಿ ಅಂತ ನಾವು ಬಯಸಲ್ಲ ಅಂತಾನೆ. ಇಡೀ ಕಥೇಲಿ ನಿಜವಾದ ಜಂಟಲ್‌ಮನ್ ಯಾರು ಅನ್ನೋದಕ್ಕೆ ಉತ್ತರ ಅಲ್ಲೇ, ಮೊದಲ ಅರ್ಧ ಗಂಟೇಲೇ ಇದೆ, ಪಿಪ್‌ಗೆ ಅದು ತಿಳಿಯೋಕೆ ಉಳಿದ ಸಿನಿಮಾ ಪೂರ್ತಿ ಬೇಕಾಗುತ್ತೆ. ಓದು, ಕೆಲಸ ಅಂತ ಊರು ಬಿಟ್ಟು ದೊಡ್ಡ ಸಿಟಿ ಸೇರಿ, ಊರಿಂದ ಅಪ್ಪ ಅಮ್ಮ ಬಂದಾಗ ಸ್ನೇಹಿತರ ಎದುರು ಒಂದು ಕ್ಷಣ ಮುಜುಗರಪಟ್ಟಿರೋ ಯಾರಿಗೇ ಆಗ್ಲಿ ಈ ಸೀನ್ ನೋಡೋದು ಕಷ್ಟ.

ಆ ಖೈದಿ ಮ್ಯಾಗ್‌ವಿಚ್ ಇಂಗ್ಲೆಂಡಿಗೆ ವಾಪಸ್ ಬಂದಿದ್ದಕ್ಕೇ ಗಲ್ಲು ಶಿಕ್ಷೆ ಯಾಕೆ?

ಆಗಿನ ಕಾನೂನು ಹಾಗಿತ್ತು. ಅಪರಾಧಿಗಳನ್ನ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗಡೀಪಾರು ಮಾಡ್ತಿದ್ರು, ಹಡಗು ಹೊರಡೋವರೆಗೆ ಹಳೇ ಯುದ್ಧದ ಹಡಗುಗಳಲ್ಲಿ ಕೂಡಿಹಾಕ್ತಿದ್ರು, ಸಿನಿಮಾ ಶುರುವಲ್ಲಿ ಮ್ಯಾಗ್‌ವಿಚ್ ತಪ್ಪಿಸಿಕೊಂಡು ಬರೋದು ಅಂಥ ಹಡಗಿಂದಲೇ. ಜೀವಾವಧಿ ಗಡೀಪಾರಾದವನು ವಾಪಸ್ ಬಂದು ಸಿಕ್ಕಿಬಿದ್ರೆ ಮರಣದಂಡನೆ, ಈ ಕಾನೂನು ತೆಗೆದಿದ್ದು 1834ರಲ್ಲಿ. ಕಥೆ ನಡೆಯೋದು ಅದಕ್ಕೂ ಮುಂಚೆ. ಇದು ಗೊತ್ತಿದ್ರೆ, ಮಳೆಗಾಳಿಯ ರಾತ್ರಿ ಅವನು ಪಿಪ್ ಮನೆ ಮೆಟ್ಟಿಲು ಹತ್ತಿ ಬರೋದರ ತೂಕ ಅರ್ಥ ಆಗುತ್ತೆ. ಪಿಪ್‌ಗೆ ಹೆಸರು ಹೇಳದೆ ದುಡ್ಡು ಕೊಟ್ಟವನು ಇವನೇ, ತಾನು ದುಡಿದು ಮಾಡಿದ ಜಂಟಲ್‌ಮನ್ ಹೆಂಗಿದಾನೆ ಅಂತ ಒಂದ್ಸಲ ಕಣ್ಣಾರೆ ನೋಡೋಕೆ ಆ ಮನುಷ್ಯ ಪ್ರಾಣ ಪಣಕ್ಕಿಟ್ಟು ಬಂದಿದಾನೆ, ಪಿಪ್‌ಗೆ ಮೊದಲು ಬರೋದು ಅಸಹ್ಯ. ಮ್ಯಾಗ್‌ವಿಚ್ ಆಗಿ ಫಿನ್ಲೇ ಕರಿ, ಸ್ಮಶಾನದಲ್ಲಿ ರಾಕ್ಷಸ ಅನ್ಸಿದ ಅದೇ ಮುಖ ಕೊನೆಗೆ ಅಪ್ಪನ ಮುಖ ಆಗುತ್ತೆ.

ಕ್ಲೈಮ್ಯಾಕ್ಸ್ ಕಾದಂಬರಿಯಲ್ಲಿ ಬೇರೆ ಇದ್ಯಲ್ಲ?

ಮೂರು ಅಂತ್ಯ ಇದೆ ಅಂತಲೇ ಹೇಳಬೇಕು. ಡಿಕನ್ಸ್ ಮೊದಲು ಬರೆದಿದ್ರಲ್ಲಿ ಪಿಪ್, ಎಸ್ಟೆಲ್ಲಾ ಲಂಡನ್ ಬೀದೀಲಿ ಒಂದ್ಸಲ ಸಿಕ್ಕಿ ಬೇರೆ ಆಗ್ತಾರೆ. ಸ್ನೇಹಿತ ಬುಲ್ವರ್ ಲಿಟ್ಟನ್ ಹೇಳಿದ್ರು ಅಂತ ಬದಲಾಯಿಸಿ, ಪಾಳು ಬಂಗಲೆ ಜಾಗದಲ್ಲಿ ಇಬ್ಬರೂ ಸಿಕ್ಕಿ ಕೈ ಹಿಡ್ಕೊಂಡು ಹೊರಬರೋ ಹಾಗೆ ಬರೆದ್ರು, ಅಚ್ಚಾಗಿದ್ದು ಅದು. ಮೊದಲನೇದು ಹೊರಗೆ ಬಂದಿದ್ದು ಡಿಕನ್ಸ್ ತೀರಿಕೊಂಡ ಮೇಲೆ, ಅವರ ಜೀವನಚರಿತ್ರೆಯಲ್ಲಿ.

ಸಿನಿಮಾದ್ದು ಮೂರನೇದು, ಇದನ್ನ ಬರೆದಿದ್ದು ಆಗ ಲೀನ್ ಹೆಂಡತಿಯಾಗಿದ್ದ ನಟಿ ಕೇ ವಾಲ್ಷ್. ಕಾದಂಬರಿಯಲ್ಲಿ ಎಸ್ಟೆಲ್ಲಾ ಡ್ರಮಲ್ ಅನ್ನೋ ಶ್ರೀಮಂತನನ್ನ ಮದುವೆಯಾಗಿ ಕಷ್ಟಪಡ್ತಾಳೆ, ಸಿನಿಮಾದಲ್ಲಿ ಅವಳ ಹುಟ್ಟಿನ ಗುಟ್ಟು ತಿಳಿದು ಅವನೇ ಮದುವೆ ಬೇಡ ಅಂದಿದಾನೆ, ಅವಳು ಮಿಸ್ ಹ್ಯಾವಿಷಮ್ ಕೂರ್ತಿದ್ದ ಅದೇ ಕುರ್ಚಿಯಲ್ಲಿ, ಅದೇ ಕತ್ತಲಲ್ಲಿ ಬಂದು ಕೂತುಬಿಟ್ಟಿದಾಳೆ. ಪಿಪ್ ಪರದೆಗಳನ್ನ ಕಿತ್ತು ಎಳೆದು ಬಿಸಿಲು ಒಳಗೆ ಬಿಡ್ತಾನೆ.

ತುಂಬಾ ಜನ ಇದನ್ನ ಸಿನಿಮೀಯ ಅಂತ ದೂರ್ತಾರೆ. ನಾನು ಇದರ ಪರ. ಡಿಕನ್ಸ್ ಬರೆದಿಲ್ಲ ನಿಜ, ಆದ್ರೆ ಆ ಕೋಣೆಯನ್ನ ಅಷ್ಟು ಹೊತ್ತು ಕತ್ತಲಲ್ಲೇ ತೋರಿಸಿದ ಮೇಲೆ ಯಾರಾದ್ರೂ ಆ ಕಿಟಕಿ ತೆಗೀಲಿ ಅಂತ ನೋಡೋರ ಕೈ ತುರಿಸ್ತಾ ಇರುತ್ತೆ, ಮೇಲಾಗಿ ಎಸ್ಟೆಲ್ಲಾ ಇನ್ನೊಬ್ಬ ಹ್ಯಾವಿಷಮ್ ಆಗೋ ಅಪಾಯ ಕಾದಂಬರಿಯ ಒಳಗೇ ಇದ್ದಿದ್ದು, ಕೇ ವಾಲ್ಷ್ ಅದನ್ನ ಕಣ್ಣಿಗೆ ಕಾಣೋ ಹಾಗೆ ಮಾಡಿದ್ರು. ಒಂದೇ ಆಕ್ಷೇಪ, ಎಸ್ಟೆಲ್ಲಾಳನ್ನ ಪಿಪ್ಪೇ ಬಂದು ಬಿಡಿಸಬೇಕಾ, ಅವಳೇ ಎದ್ದು ಪರದೆ ಸರಿಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ಆಸ್ಕರ್ ಬಂದಿದ್ಯಾ?

ಎರಡು ಬಂತು, ಕಪ್ಪು ಬಿಳುಪು ಛಾಯಾಗ್ರಹಣಕ್ಕೆ ಗೈ ಗ್ರೀನ್, ಕಲಾ ನಿರ್ದೇಶನಕ್ಕೆ ಜಾನ್ ಬ್ರಯಾನ್ ಮತ್ತೆ ವಿಲ್ಫ್ರೆಡ್ ಶಿಂಗಲ್‌ಟನ್. ಬೆಸ್ಟ್ ಪಿಕ್ಚರ್, ಡೈರೆಕ್ಟರ್, ಚಿತ್ರಕಥೆಗೆ ನಾಮಿನೇಷನ್ ಇತ್ತು, ಸಿಗ್ಲಿಲ್ಲ.

ಬೇರೆ ವರ್ಷನ್‌ಗಳು ಹೇಗಿವೆ? ಇಂಡಿಯಾದಲ್ಲಿ ಯಾರಾದ್ರೂ ಮಾಡಿದಾರಾ?

1934ರಲ್ಲಿ ಹಾಲಿವುಡ್‌ನಲ್ಲಿ ಒಂದು ಬಂತು, ಅದರಲ್ಲಿ ಲಾಯರ್ ಜ್ಯಾಗರ್ಸ್ ಆಗಿದ್ದ ಫ್ರಾನ್ಸಿಸ್ ಸಲ್ಲಿವನ್ ಅವರನ್ನೇ ಲೀನ್ ಕೂಡ ಹಾಕ್ಕೊಂಡ್ರು. 1998ರಲ್ಲಿ ಅಲ್ಫಾನ್ಸೊ ಕುವರೋನ್ ಕಥೆಯನ್ನ ಈಗಿನ ಅಮೆರಿಕಾಗೆ ತಂದ್ರು, 2012ರಲ್ಲಿ ಮೈಕ್ ನ್ಯೂವೆಲ್ ಮತ್ತೆ ಹಳೇ ಕಾಲದಲ್ಲೇ ಮಾಡಿದ್ರು. ಹಿಂದಿಯಲ್ಲಿ 2016ರ ‘ಫಿತೂರ್’, ಕಾಶ್ಮೀರದಲ್ಲಿ ನಡೆಯುತ್ತೆ, ಹ್ಯಾವಿಷಮ್ ಜಾಗದಲ್ಲಿ ತಬು ಇದಾರೆ. ನೋಡೋಕೆ ಚಂದ ಇದೆ, ಆದ್ರೆ ಪ್ರೇಮಕಥೆ ಮುಂದೆ ಬಂದು ಜೋ ತರದ ಪಾತ್ರ ಹಿಂದೆ ಸರಿದಾಗ ಈ ಕಥೆಯ ಬೆನ್ನೆಲುಬೇ ಹೋಗುತ್ತೆ ಅಂತ ನನಗನ್ಸುತ್ತೆ.

ಡೇವಿಡ್ ಲೀನ್ ಕರ್ನಾಟಕಕ್ಕೆ ಬಂದಿದ್ರು ಅನ್ನೋದು ನಿಜಾನಾ?

ನಿಜ. ಅವರ ಕೊನೇ ಸಿನಿಮಾ ‘ಎ ಪ್ಯಾಸೇಜ್ ಟು ಇಂಡಿಯಾ’, 1984ರದ್ದು, ಅದರ ದೊಡ್ಡ ಭಾಗ ಶೂಟ್ ಆಗಿದ್ದು ನಮ್ಮಲ್ಲೇ. ಊರಿನ ಸೆಟ್ಟನ್ನ ಬೆಂಗಳೂರು ಅರಮನೆ ಮೈದಾನದಲ್ಲಿ ಹಾಕಿದ್ರು, ಗುಹೆಗಳ ಭಾಗಕ್ಕೆ ಸಾವನದುರ್ಗ, ರಾಮನಗರದ ಬಂಡೆಗಳನ್ನ ಬಳಸಿದ್ರು. ಅದರಲ್ಲೂ ಅಲೆಕ್ ಗಿನ್ನೆಸ್ ಇದಾರೆ, ಪ್ರೊಫೆಸರ್ ಗೋಡಬೋಲೆ ಆಗಿ. ಆ ಪಾತ್ರಕ್ಕೆ ಭಾರತೀಯ ನಟನೇ ಬೇಕಿತ್ತು ಅನ್ನೋ ಟೀಕೆ ನ್ಯಾಯವಾದದ್ದೇ. ಆದ್ರೂ ಕೆಂಟ್ ಜೌಗಲ್ಲಿ ಒಬ್ಬ ಹುಡುಗನ ಮೇಲೆ ಅಷ್ಟು ದೊಡ್ಡ ಆಕಾಶ ಹೊದಿಸಿದ್ದ ಕಣ್ಣೇ ಸಾವನದುರ್ಗದ ಬಂಡೆ ಮುಂದೆ ಮನುಷ್ಯರನ್ನ ಅಷ್ಟು ಸಣ್ಣದಾಗಿ ತೋರಿಸಿದ್ದು ಅನ್ನೋದು ಎರಡನ್ನೂ ನೋಡಿದ್ರೆ ಗೊತ್ತಾಗುತ್ತೆ.

ಮಕ್ಕಳಿಗೆ ತೋರಿಸಬಹುದಾ? ಹೇಗೆ ನೋಡಿದ್ರೆ ಒಳ್ಳೇದು?

ಹತ್ತು ದಾಟಿದ ಮಕ್ಕಳಿಗೆ ಧೈರ್ಯವಾಗಿ ತೋರಿಸಿ, ಸ್ಮಶಾನದ ಸೀನ್ ಮತ್ತೆ ಬೆಂಕಿ ಸೀನ್‌ಗೆ ಪಕ್ಕದಲ್ಲಿ ಕೂತಿರಿ. ಮಕ್ಕಳು ಕಪ್ಪು ಬಿಳುಪು ಅಂತ ಮೊದಲು ಮುಖ ತಿರುಗಿಸ್ತಾರೆ, ಮೊದಲ ಐದು ನಿಮಿಷ ದಾಟಿದ್ರೆ ಆಮೇಲೆ ಎದ್ದು ಹೋಗಲ್ಲ. ಮೊಬೈಲಲ್ಲಿ ನೋಡ್ಬೇಡಿ, ಟಿವಿ ಅಥವಾ ಪ್ರೊಜೆಕ್ಟರ್ ಇರ್ಲಿ, ಲೈಟ್ ಆರಿಸಿ, ಇಲ್ಲಾಂದ್ರೆ ಆ ಕತ್ತಲೆಯೊಳಗಿನ ಡೀಟೇಲ್ ಒಂದೂ ಕಾಣಲ್ಲ. ಇಂಗ್ಲಿಷ್ ಸಬ್‌ಟೈಟಲ್ ಹಾಕ್ಕೊಳ್ಳಿ, ಜೋ ಮತ್ತೆ ಮ್ಯಾಗ್‌ವಿಚ್ ಮಾತಾಡೋ ಹಳ್ಳಿ ಇಂಗ್ಲಿಷ್ ಕಿವಿಗೆ ಅಷ್ಟು ಸುಲಭಕ್ಕೆ ಸಿಗಲ್ಲ, ಅವರಿಬ್ಬರ ಮಾತು ಮಿಸ್ ಆಗಬಾರದು.